ಅವಸರ ಇಲ್ಲದವರ ಕೆಲಸ

ಜರ್ಮನಿಯ ಒಂದು ವೃದ್ಧಾಶ್ರಮದಲ್ಲಿ ವಾಲಂಟಿಯರ್ ಆಗಿ ನನ್ನ ಮೊದಲ ವರ್ಷ ತುಂಬಿತು. 2024ರ ಸೆಪ್ಟೆಂಬರ್‌ನಲ್ಲಿ ಬಂದಿದ್ದೆ, 2025ರ ಆಗಸ್ಟ್ ಮುಗಿಯಿತು. ಇಷ್ಟು ದಿನ ಫೋನಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಏನು ಕೆಲಸ ಮಾಡ್ತೀಯಾ ನೀನು?" ಶುರುವಿನಲ್ಲಿ ನನ್ನ ಉತ್ತರ ಉದ್ದ ಇರುತ್ತಿತ್ತು. ತಿಂಡಿ ಬಡಿಸುತ್ತೇನೆ, ವೀಲ್‌ಚೇರ್ ತಳ್ಳುತ್ತೇನೆ, ಟವೆಲ್ ಮಡಚುತ್ತೇನೆ, ಯಾರು ಎಷ್ಟು ನೀರು ಕುಡಿದರು ಅಂತ ಬರೆದಿಡುತ್ತೇನೆ. ಈಗ ಕೇಳಿದರೆ ಚಿಕ್ಕದಾಗಿ ಹೇಳುತ್ತೇನೆ. ಆ ಕಟ್ಟಡದಲ್ಲಿ ಗಡಿಯಾರ ನೋಡದೆ ಒಬ್ಬರ ಪಕ್ಕ ಕೂತಿರಲು ಅವಕಾಶ ಇರುವುದು ವಾಲಂಟಿಯರ್‌ಗೆ ಮಾತ್ರ. ನನ್ನ ಕೆಲಸ ಅದು.

ಇದು ನನಗೆ ಬಂದ ತಕ್ಷಣ ಗೊತ್ತಾದ ವಿಷಯವಲ್ಲ. ವರ್ಷವಿಡೀ ನಿಧಾನವಾಗಿ ಗೊತ್ತಾಯಿತು. ಆ ವರ್ಷದ ಬಗ್ಗೆ ಬರೆಯಬೇಕು ಅಂತ ಕೂತಿದ್ದೇನೆ.

ನಾನಿರುವುದು ನೀಡರ್‌ಸಾಕ್ಸನ್ ರಾಜ್ಯದ ಒಂದು ಸಣ್ಣ ಊರಲ್ಲಿ. ಹ್ಯಾನೋವರ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಬಂದದ್ದು ಬುಂಡೆಸ್‌ಫ್ರೈವಿಲಿಗೆನ್‌ಡೀನ್‌ಸ್ಟ್ ಅನ್ನುವ ಸರ್ಕಾರಿ ಯೋಜನೆಯಲ್ಲಿ. ಹೆಸರು ಉದ್ದ, ಹಾಗಾಗಿ ಇಲ್ಲಿಯವರೇ ನಮ್ಮನ್ನು ಸುಮ್ನೆ 'ಬುಫ್ಡಿ' ಅನ್ನುತ್ತಾರೆ. ಈ ಯೋಜನೆ ಶುರುವಾದದ್ದು 2011ರ ಜುಲೈ 1ರಂದು. ಅದಕ್ಕೆ ಮುಂಚೆ ಇಲ್ಲಿ ಗಂಡುಮಕ್ಕಳಿಗೆ ಕಡ್ಡಾಯ ಸೇನಾ ಸೇವೆ ಇತ್ತು. ಬಂದೂಕು ಹಿಡಿಯಲು ಮನಸ್ಸಾಕ್ಷಿ ಒಪ್ಪುವುದಿಲ್ಲ ಅಂದವರು ಅದರ ಬದಲು ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ದುಡಿಯಬೇಕಿತ್ತು. 2011ರಲ್ಲಿ ಕಡ್ಡಾಯ ಸೇವೆಯನ್ನು ನಿಲ್ಲಿಸಿದರು. ಆ ಹುಡುಗರು ಬರುವುದೂ ನಿಂತಿತು. ಖಾಲಿಯಾದ ಜಾಗಕ್ಕೆ ಈ ಸ್ವಯಂಸೇವೆ ಬಂತು. ಇದಕ್ಕಿಂತ ಹಳೆಯದು ಯುವಜನರ ಸಾಮಾಜಿಕ ಸೇವಾ ವರ್ಷ, ಅದಕ್ಕೆ 1964ರಿಂದಲೇ ಕಾನೂನು ಇದೆ. ಆದರೆ ಅದು ಇಪ್ಪತ್ತೇಳು ತುಂಬುವುದರೊಳಗಿನವರಿಗೆ ಮಾತ್ರ. ನನಗೆ ಇಪ್ಪತ್ತೆಂಟಾಗಿತ್ತು. ಬುಫ್ಡಿ ಆಗಲು ವಯಸ್ಸಿನ ಮೇಲ್ಮಿತಿ ಇಲ್ಲ. ನಿವೃತ್ತರೂ ಸೇರುತ್ತಾರೆ.

ಈ ಕಾನೂನಿನಲ್ಲಿ ಒಂದು ಮಾತಿದೆ, ನನಗೆ ಬಹಳ ಇಷ್ಟ. ವಾಲಂಟಿಯರ್‌ನಿಂದ ಕೆಲಸದ ಮಾರುಕಟ್ಟೆಗೆ ಏನೂ ವ್ಯತ್ಯಾಸ ಆಗಬಾರದು. ಅಂದರೆ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾದ ಒಬ್ಬ ಮನುಷ್ಯನ ಜಾಗದಲ್ಲಿ ನನ್ನನ್ನು ನಿಲ್ಲಿಸುವಂತಿಲ್ಲ. ಔಷಧಿ ಕೊಡುವುದು, ಇಂಜೆಕ್ಷನ್ ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ತರಬೇತಿ ಪಡೆದವರ ಕೆಲಸ. ನಾನಿಲ್ಲದೆ ಹೋದರೂ ಆಶ್ರಮ ನಡೆಯಬೇಕು. ಮೊದಲ ವಾರ ಇದನ್ನು ಓದಿದಾಗ ಸ್ವಲ್ಪ ಪೆಚ್ಚಾಗಿತ್ತು. ಅಷ್ಟು ದೂರದಿಂದ ಬಂದು, ಇಲ್ಲದಿದ್ದರೂ ನಡೆಯುವ ಕೆಲಸ ಮಾಡುವುದಾ ಅನಿಸಿತ್ತು. ಆಮೇಲೆ ಕಣ್ಣಾರೆ ನೋಡಿದ ಮೇಲೆ ಅದರ ಬೆಲೆ ತಿಳಿಯಿತು.

ನಮ್ಮ ಮಹಡಿಯಲ್ಲಿ ಕೆಲಸ ಮಾಡುವ ಅಕ್ಕಂದಿರು, ಅಣ್ಣಂದಿರು ಪೋಲೆಂಡ್, ಬೋಸ್ನಿಯಾ, ಫಿಲಿಪ್ಪೀನ್ಸ್, ಸಿರಿಯಾ ಕಡೆಯವರು, ಜೊತೆಗೆ ಊರಿನವರು. ಬೆಳಗಿನ ಪಾಳಿ ಆರೂವರೆಗೆ ಶುರು. ಅಲ್ಲಿಂದ ಎಲ್ಲರೂ ಓಡುತ್ತಲೇ ಇರುತ್ತಾರೆ. ಎಬ್ಬಿಸಬೇಕು, ತೊಳೆಯಬೇಕು, ಬಟ್ಟೆ ಹಾಕಬೇಕು, ಮಾತ್ರೆ ಕೊಡಬೇಕು, ಮಾಡಿದ್ದೆಲ್ಲವನ್ನೂ ಕಂಪ್ಯೂಟರ್‌ನಲ್ಲಿ ಬರೆಯಬೇಕು. ಜರ್ಮನಿಯಲ್ಲಿ ಆರೈಕೆ ವಿಮೆ ಅಂತ ಒಂದಿದೆ, 1995ರಿಂದ. ಯಾರಿಗೆ ಎಷ್ಟು ಸಹಾಯ ಬೇಕು ಅನ್ನುವುದನ್ನು 2016ರವರೆಗೆ ನಿಮಿಷದಲ್ಲೇ ಲೆಕ್ಕ ಹಾಕುತ್ತಿದ್ದರು. 2017ರಿಂದ ಅದು ಬದಲಾಯಿತು. ಮನುಷ್ಯ ತನ್ನಷ್ಟಕ್ಕೆ ಎಷ್ಟು ಮಾಡಿಕೊಳ್ಳಬಲ್ಲ ಅಂತ ನೋಡಿ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ಕಾಗದದಲ್ಲಿ ನಿಮಿಷ ಹೋಯಿತು, ಕಾರಿಡಾರಿನಲ್ಲಿ ಹೋಗಿಲ್ಲ. ಹಳಬರು ಈಗಲೂ ನಿಮಿಷದಲ್ಲೇ ಮಾತಾಡುತ್ತಾರೆ. ಅವರಿಗೆ ಮನಸ್ಸಿಲ್ಲ ಅಂತಲ್ಲ. ನಾನು ನೋಡಿದ ಮಟ್ಟಿಗೆ ಅವರಿಗಿರುವಷ್ಟು ಮನಸ್ಸು ಬಹಳ ಜನರಿಗೆ ಇರುವುದಿಲ್ಲ. ಇಲ್ಲದಿರುವುದು ಪುರುಸೊತ್ತು.

ಒಂದು ಲೋಟ ಕಾಫಿಯ ವಿಷಯ ಹೇಳುತ್ತೇನೆ.

ಮಧ್ಯಾಹ್ನ ಮೂರು ಗಂಟೆಗೆ ಇಲ್ಲಿ ಕಾಫಿ, ಕೇಕ್. ಯಾವ ಕಾರಣಕ್ಕೂ ತಪ್ಪುವುದಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಪಾರ್ಕಿನ್‌ಸನ್ ಇರುವ ಒಬ್ಬ ತಾತ ಕೂರುತ್ತಾರೆ. ರೈಲ್ವೆಯಲ್ಲಿ ಇದ್ದವರು. ನುಂಗಲು ತೊಂದರೆ. ತೆಳುವಾದ ಕಾಫಿ ಕೊಟ್ಟರೆ ಶ್ವಾಸನಾಳಕ್ಕೆ ಹೋಗುವ ಅಪಾಯ ಇದೆ. ಅದಕ್ಕೆ ಒಂದು ಪುಡಿ ಬೆರೆಸಿ ಕಾಫಿಯನ್ನು ಗಟ್ಟಿ ಮಾಡುತ್ತಾರೆ. ಹೇಗೆ ಕೊಡಬೇಕು ಅಂತ ನರ್ಸ್ ಅಕ್ಕ ಪಕ್ಕದಲ್ಲಿ ನಿಂತು ಹಲವು ಸಲ ತೋರಿಸಿಕೊಟ್ಟರು. ಅವರ ಬೆನ್ನು ನೆಟ್ಟಗಿರಬೇಕು. ಗಲ್ಲ ಸ್ವಲ್ಪ ಕೆಳಗೆ, ಎದೆಯ ಕಡೆ. ನಾನು ನಿಂತು ಕೊಡಬಾರದು, ಕೂತೇ ಕೊಡಬೇಕು. ನಿಂತರೆ ಅವರು ತಲೆ ಎತ್ತುತ್ತಾರೆ, ಆಗ ಕಷ್ಟ. ಚಿಕ್ಕ ಚಮಚದಲ್ಲಿ ಅರ್ಧ. ಆಮೇಲೆ ಗಂಟಲು ನೋಡಬೇಕು. ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂದರೆ ಇಳಿಯಿತು ಅಂತ. ಅಲ್ಲಿಯವರೆಗೆ ಇನ್ನೊಂದು ಚಮಚ ಎತ್ತುವಂತಿಲ್ಲ, ಮಾತಾಡಿಸುವಂತಿಲ್ಲ. ಮಾತಾಡಿಸಿದರೆ ಅವರು ಉತ್ತರ ಕೊಡಲು ಹೋಗುತ್ತಾರೆ, ಆಗ ಕೆಮ್ಮು. ಕೆಲವೊಮ್ಮೆ ಆ ಗಂಟು ಅಲ್ಲಾಡಲು ಬಹಳ ಹೊತ್ತು ಹಿಡಿಯುತ್ತದೆ. ಕಾಯಬೇಕು. ಒಂದು ಲೋಟ ಮುಗಿಯುವಷ್ಟರಲ್ಲಿ ಉಳಿದ ಮೇಜುಗಳೆಲ್ಲ ಖಾಲಿ. ಕೊನೆಗೆ ಅವರು ಕಣ್ಣು ಮುಚ್ಚಿ ತೆರೆಯುತ್ತಾರೆ. ಸಾಕು, ಚೆನ್ನಾಗಿತ್ತು ಅಂತ ಅದರ ಅರ್ಥ. ಇನ್ನೂರು ಮಿಲಿಲೀಟರ್ ಅಂತ ಹಾಳೆಯಲ್ಲಿ ಬರೆದು ಏಳುತ್ತೇನೆ.

ಅಷ್ಟು ಹೊತ್ತು ಕೂರಲು ಸಂಬಳದ ಸಿಬ್ಬಂದಿಗೆ ಸಾಧ್ಯವೇ ಇಲ್ಲ. ಅವರಿಗೆ ಆ ಹೊತ್ತಿನಲ್ಲಿ ಇನ್ನೂ ಹತ್ತು ಕೋಣೆ ಇರುತ್ತವೆ. ಸಿಬ್ಬಂದಿ ಜಾಗದಲ್ಲಿ ವಾಲಂಟಿಯರ್‌ನನ್ನು ನಿಲ್ಲಿಸಬಾರದು ಅನ್ನುವ ಕಾನೂನು ಕಾಪಾಡುವುದು ಈ ಕಾಫಿಯ ಹೊತ್ತನ್ನು. ಹಾಗಂತ ನನಗೆ ಅನಿಸಿದೆ.

ಆದರೆ ಆ ಹೊತ್ತು ತನ್ನಷ್ಟಕ್ಕೆ ತಾನೇ ಉಳಿಯುವುದಿಲ್ಲ. ಚಳಿಗಾಲದಲ್ಲಿ ಜ್ವರ ಬಂದು ಇಬ್ಬರು ರಜೆ ಹಾಕಿದರೆ ಸಾಕು. ಮೊದಲು ಪಾತ್ರೆ ಟ್ರಾಲಿ ನನ್ನ ಕಡೆ ಬರುತ್ತದೆ. ಆಮೇಲೆ ಬಟ್ಟೆ ವಿಂಗಡಿಸುವುದು. ಆಮೇಲೆ ಇಬ್ಬರು ಮಾಡಬೇಕಾದ ಕೆಲಸಕ್ಕೆ ಎರಡನೆಯವಳಾಗಿ ನಾನು. ಯಾರೂ ಕೆಟ್ಟ ಉದ್ದೇಶದಿಂದ ಮಾಡುವುದಲ್ಲ. ಎದುರಿಗೆ ಒಬ್ಬ ಅಕ್ಕ ಬೆವರು ಒರೆಸಿಕೊಂಡು ಓಡುತ್ತಿರುವಾಗ ನಾನು ಸುಮ್ನೆ ಕೂತು ಅಜ್ಜಿಯ ಕೈ ಹಿಡಿದುಕೊಂಡಿರುವುದು ನನಗೇ ಸರಿ ಕಾಣುತ್ತಿರಲಿಲ್ಲ. ಎದ್ದು ಹೋಗಿ ಸಹಾಯ ಮಾಡುತ್ತಿದ್ದೆ. ಒಂದು ವಾರ ಹಾಗೆ ಮಾಡಿದರೆ ಮುಂದಿನ ವಾರದ ಪಟ್ಟಿಯಲ್ಲಿ ಅದೇ ನನ್ನ ಕೆಲಸ ಅಂತ ಬರೆದಿರುತ್ತಿತ್ತು. ಜನವರಿ, ಫೆಬ್ರವರಿ ಹೆಚ್ಚುಕಡಿಮೆ ಹೀಗೇ ಹೋಯಿತು. ಆ ಎರಡು ತಿಂಗಳಲ್ಲಿ ಕಿಟಕಿ ಪಕ್ಕದ ತಾತನಿಗೆ ಎಷ್ಟೋ ಸಲ ಅರ್ಧ ಲೋಟಕ್ಕೇ ಕಾಫಿ ನಿಂತಿದೆ. ಹಾಳೆಯಲ್ಲಿ ನೂರು ಮಿಲಿಲೀಟರ್ ಅಂತ ಇರುತ್ತಿತ್ತು.

ಭಾಷೆಯ ವಿಷಯಕ್ಕೆ ಬರುತ್ತೇನೆ. ಬರುವ ಮುಂಚೆ ಬಿ-ಒನ್ ಅನ್ನುವ ಮಧ್ಯಮ ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಿದ್ದೆ. ಕ್ಲಾಸಿನ ಜರ್ಮನ್‌ನಲ್ಲಿ ಎಲ್ಲರೂ ಸ್ಪಷ್ಟವಾಗಿ, ನಿಧಾನವಾಗಿ ಮಾತಾಡುತ್ತಾರೆ. ಪಾಳಿ ಬದಲಾಗುವಾಗ ನಡೆಯುವ ಸಭೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಯಾರಿಗೆ ಜ್ವರ, ಯಾರು ರಾತ್ರಿ ಬಿದ್ದರು, ಯಾರು ಊಟ ಬಿಟ್ಟರು ಎಲ್ಲವೂ ಕಾಲು ಗಂಟೆಯಲ್ಲಿ ಮುಗಿಯಬೇಕು. ಮೊದಲ ತಿಂಗಳುಗಳಲ್ಲಿ ನನಗೆ ಕೇಳಿಸುತ್ತಿದ್ದದ್ದು ಹೆಸರುಗಳು ಮಾತ್ರ. ಇಡೀ ದಿನ ಅನ್ಯಭಾಷೆ ಕೇಳಿ ಸಂಜೆ ಕೋಣೆಗೆ ಬಂದರೆ ತಲೆ ಭಾರ. ಯಾರ ಜೊತೆಗೂ ಮಾತು ಬೇಡ ಅನಿಸುತ್ತಿತ್ತು, ಕನ್ನಡದಲ್ಲೂ.

ಆದರೆ ಮರೆವಿನ ಕಾಯಿಲೆ ಇರುವವರ ಜೊತೆ ಬೇರೆಯೇ ಅನುಭವ. ಅವರಿಗೆ ನನ್ನ ವ್ಯಾಕರಣ ಬೇಕಾಗಿರಲಿಲ್ಲ. ನಾನು ಪದ ಹುಡುಕುತ್ತಾ ನಿಲ್ಲುವಾಗ ಅವರೂ ಪದ ಹುಡುಕುತ್ತಾ ಇರುತ್ತಿದ್ದರು. ನಾನು ನಿಧಾನ, ಅವರೂ ನಿಧಾನ. ಜೋರಾಗಿ ಮಾತಾಡುವವರು ಬಂದರೆ ಮುದುಡಿಕೊಳ್ಳುವವರು ನನ್ನ ಎದುರು ಆರಾಮಾಗಿ ಇರುತ್ತಿದ್ದರು. ಒಬ್ಬ ತಾತ ರೈತರಾಗಿದ್ದವರು. ಕಾಯಿಲೆ ಹೆಚ್ಚಾದ ಹಾಗೆ ಶಾಲೆಯಲ್ಲಿ ಕಲಿತ ಜರ್ಮನ್ ಅವರಿಂದ ಜಾರಿಹೋಗಿ, ಚಿಕ್ಕಂದಿನಲ್ಲಿ ಮನೆಯಲ್ಲಿ ಆಡುತ್ತಿದ್ದ ಪ್ಲಾಟ್ ಮಾತ್ರ ಉಳಿದಿತ್ತು. ಉತ್ತರ ಜರ್ಮನಿಯ ಈ ಭಾಷೆಗೆ ಯುರೋಪಿನ ಪ್ರಾದೇಶಿಕ ಭಾಷೆಗಳ ಒಪ್ಪಂದದಡಿ 1999ರಿಂದ ರಕ್ಷಣೆ ಇದೆ, ಆದರೆ ನಮ್ಮ ಮಹಡಿಯಲ್ಲಿ ಅದು ಗೊತ್ತಿದ್ದದ್ದು ಅಡುಗೆಮನೆಯ ಒಬ್ಬ ಹಿರಿಯ ಹೆಂಗಸಿಗೆ ಮಾತ್ರ. ಉಳಿದ ಎಲ್ಲರೂ, ಜರ್ಮನ್ನರೂ ಸೇರಿ, ಅವರ ಎದುರು ನನ್ನ ಹಾಗೇ. ನಾನು ಅಡುಗೆಮನೆಗೆ ಹೋಗಿ ಹತ್ತಾರು ಮಾತು ಕಲಿತು ಬಂದೆ. ಹಸು, ಹಾಲು, ಮಳೆ, ಕೂತ್ಕೊಳ್ಳಿ, ಚಳಿಯಾಗ್ತಿದೆಯಾ. ಒಂದು ಸಂಜೆ ಅವರ ಹತ್ತಿರ ಕೂತು ಹಸುಗಳ ಬಗ್ಗೆ ಅವರು ಹೇಳಿದ್ದನ್ನೆಲ್ಲ ಕೇಳಿದೆ. ಅರ್ಥವಾದದ್ದು ಬಹಳ ಕಡಿಮೆ. ಅವರು ಮಾತ್ರ ನಿಲ್ಲಿಸದೆ ಹೇಳುತ್ತಾ ಹೋದರು, ಕೈಯಲ್ಲಿ ಹಾಲು ಕರೆಯುವುದನ್ನು ಮಾಡಿ ತೋರಿಸಿದರು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೇಲೆ ಒತ್ತಿ ಹಿಡಿದು ಉಳಿದ ಬೆರಳುಗಳನ್ನು ಒಂದೊಂದಾಗಿ ಮುಚ್ಚುವುದು. ಮಗಳ ಹೆಸರು ಮರೆತಿದ್ದ ಆ ಕೈಗೆ ಅದೊಂದೂ ಮರೆತಿರಲಿಲ್ಲ.

ಇನ್ನೊಬ್ಬರು ಎಂಬತ್ತೆಂಟರ ಅಜ್ಜಿ. ಇಲ್ಲಿ ಎಲ್ಲರನ್ನೂ ಮನೆತನದ ಹೆಸರು ಹಿಡಿದು ಗೌರವದಿಂದಲೇ ಕರೆಯಬೇಕು, ನಾನೂ ಹಾಗೇ ಕರೆಯುತ್ತೇನೆ. ಮನಸ್ಸಿನಲ್ಲಿ ಅಜ್ಜಿ. ಪ್ರತಿ ಬೆಳಿಗ್ಗೆ ತಿಂಡಿಯ ಮೇಜಿನಿಂದ ಒಂದು ಬ್ರೆಡ್ಡನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಬೀರುವಿನಲ್ಲಿ, ದಿಂಬಿನ ಕೆಳಗೆ, ಸ್ವೆಟರ್ ಜೇಬಲ್ಲಿ ಎಲ್ಲ ಕಡೆ ಒಣಗಿದ ಬ್ರೆಡ್. ಬೂಷ್ಟು ಹಿಡಿಯುತ್ತದೆ ಅಂತ ವಾರಕ್ಕೊಮ್ಮೆ ತೆಗೆದು ಹಾಕುತ್ತಿದ್ದರು, ಅಜ್ಜಿಗೆ ಅದು ಗೊತ್ತಾದ ದಿನ ದೊಡ್ಡ ಅಳು. ಪ್ರತಿಯೊಬ್ಬರ ಜೀವನಕಥೆಯನ್ನು ಬರೆದಿಡುವ ಒಂದು ಕಡತ ಇಲ್ಲಿ ಇರುತ್ತದೆ. ಅವರದ್ದನ್ನು ನಿಘಂಟು ಇಟ್ಟುಕೊಂಡು ಓದಿದೆ. ಹುಟ್ಟಿದ್ದು ಬ್ರೆಸ್ಲಾವ್. ಈಗ ಅದು ಪೋಲೆಂಡಿನ ವ್ರೊಟ್ಸ್‌ವಾಫ್. 1945ರ ಜನವರಿಯಲ್ಲಿ ರಷ್ಯಾದ ಸೈನ್ಯ ಹತ್ತಿರ ಬಂದಾಗ ಹೆಂಗಸರು ಮಕ್ಕಳು ಊರು ಬಿಡಬೇಕು ಅಂತ ಆಜ್ಞೆಯಾಯಿತು. ಕೊರೆಯುವ ಹಿಮದಲ್ಲಿ ಸಾವಿರಾರು ಜನ ನಡೆದುಕೊಂಡೇ ಹೊರಟರು. ಅವರಲ್ಲಿ ಈ ಅಜ್ಜಿಯೂ ಇದ್ದರು, ಅಮ್ಮನ ಕೈ ಹಿಡಿದುಕೊಂಡು. ಯುದ್ಧ ಮುಗಿಯುವಾಗ, ಮುಗಿದ ಮೇಲೆ ಹೀಗೆ ಪೂರ್ವದಿಂದ ಓಡಿ ಬಂದ, ಓಡಿಸಲ್ಪಟ್ಟ ಜರ್ಮನ್ನರು ಸುಮಾರು 1.2 ಕೋಟಿ.

ಕಡತ ಓದಿದ ಮೇಲೆ ನಾನೂ ಬೋಸ್ನಿಯಾದ ಅಕ್ಕನೂ ಸೇರಿ ಒಂದು ತಗಡಿನ ಡಬ್ಬಿ ತಂದೆವು. ಮುಚ್ಚಳ ಭದ್ರವಾಗಿ ಕೂರುವಂಥದ್ದು. ಬ್ರೆಡ್ ಇಡುವ ಜಾಗ ಇದು ಅಂತ ಅಜ್ಜಿಗೆ ತೋರಿಸಿದೆವು. ಮಧ್ಯಾಹ್ನ ನಾನು ಅವರ ಎದುರೇ ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಿದ್ದೆ, ಅವರು ಎಣಿಸುತ್ತಿದ್ದರು. ಅಳು ನಿಂತಿತು. ಈ ಉಪಾಯ ಹೊಳೆದದ್ದು ಬೋಸ್ನಿಯಾದ ಅಕ್ಕನಿಗೆ. 1990ರ ದಶಕದ ಯುದ್ಧದಲ್ಲಿ ಅವರೂ ಚಿಕ್ಕ ಹುಡುಗಿಯಾಗಿ ಊರು ಬಿಟ್ಟು ಬಂದವರು. ನನ್ನ ಪಾಲು ಏನಿತ್ತು ಅಂದರೆ, ಆ ಕಡತ ಓದಲು ನನಗೆ ಸಮಯ ಇತ್ತು.

ಹಾಗಂತ ವರ್ಷವೆಲ್ಲ ಹೀಗೆ ತುಂಬಿಕೊಂಡಿತ್ತು ಅಂದುಕೊಳ್ಳಬೇಡಿ. ಒಂಟಿತನ ಇತ್ತು, ಜಾಸ್ತಿಯೇ ಇತ್ತು. ಡಿಸೆಂಬರ್‌ನಲ್ಲಿ ಇಲ್ಲಿ ಬೆಳಿಗ್ಗೆ ಎಂಟೂವರೆ ಹತ್ತಿರ ಸೂರ್ಯ ಹುಟ್ಟಿ ಸಂಜೆ ನಾಲ್ಕರ ಸುಮಾರಿಗೆ ಮುಳುಗುತ್ತಾನೆ. ಬೆಳಗಿನ ಪಾಳಿಗೆ ಕತ್ತಲಲ್ಲಿ ಹೋಗುವುದು. ಮಧ್ಯಾಹ್ನದ ಪಾಳಿಯಿಂದ ಕತ್ತಲಲ್ಲಿ ಬರುವುದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಭಾನುವಾರದ ಬಿಡುವಿಗೆ ಇಲ್ಲಿ ಸಂವಿಧಾನದ ರಕ್ಷಣೆಯೇ ಇದೆ. ಕುಟುಂಬ ಇರುವವರಿಗೆ ಅದು ಚೆಂದ. ಒಂದು ಕೋಣೆಯಲ್ಲಿ ಒಬ್ಬಳೇ ಇರುವವಳಿಗೆ ಭಾನುವಾರ ಬಹಳ ಉದ್ದ. ಅಂಥ ದಿನಗಳಲ್ಲಿ ರಜೆ ಇದ್ದರೂ ಆಶ್ರಮಕ್ಕೆ ಹೋಗಿ ಕೂರುತ್ತಿದ್ದೆ. ಕ್ರಿಸ್ಮಸ್‌ಗೆ ನಾಲ್ಕು ವಾರ ಮುಂಚೆ ಊಟದ ಮನೆಯ ಮೇಜಿನ ಮೇಲೆ ಹಸಿರು ಎಲೆಗಳ ಬಳೆ ಇಟ್ಟು, ಭಾನುವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುತ್ತಾರೆ. ಇದನ್ನು ಮೊದಲು ಮಾಡಿದ್ದು 1839ರಲ್ಲಿ ಹ್ಯಾಂಬರ್ಗ್‌ನಲ್ಲಿ, ಯೋಹಾನ್ ಹಿನ್ರಿಶ್ ವಿಖರ್ನ್ ಅನ್ನುವ ಪಾದ್ರಿ. ಬೀದಿಪಾಲಾದ ಮಕ್ಕಳಿಗಾಗಿ ಒಂದು ಮನೆ ನಡೆಸುತ್ತಿದ್ದರು. ಹಬ್ಬ ಯಾವಾಗ ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. ಗಾಡಿಯ ಚಕ್ರವೊಂದಕ್ಕೆ ಮೇಣದಬತ್ತಿ ಸಿಕ್ಕಿಸಿ ದಿನ ಎಣಿಸಲು ಕೊಟ್ಟರು. ಈ ಕಥೆಯನ್ನು ನನಗೆ ಹೇಳಿದ್ದು ಶಾಲೆಯಲ್ಲಿ ಟೀಚರ್ ಆಗಿದ್ದ ಒಬ್ಬ ಅಜ್ಜಿ. ಒಂದೊಂದು ವಾಕ್ಯ ಮುಗಿದ ಮೇಲೂ ನನಗೆ ಅರ್ಥವಾಯಿತಾ ಅಂತ ಮುಖ ನೋಡುತ್ತಿದ್ದರು.

ಹೊರದೇಶಕ್ಕೆ ಹೋದವರಿಗೆ ಸೆಮಿನಾರುಗಳಲ್ಲಿ ಒಂದು ರೇಖೆ ಬರೆದು ತೋರಿಸುತ್ತಾರೆ. ಶುರುವಿನಲ್ಲಿ ಖುಷಿ, ಆಮೇಲೆ ಕೆಳಗೆ ಇಳಿತ, ಆಮೇಲೆ ಮತ್ತೆ ಏರಿಕೆ. 'ಕಲ್ಚರ್ ಶಾಕ್' ಅನ್ನುವ ಮಾತನ್ನು ಜನಪ್ರಿಯ ಮಾಡಿದವರು ಕಾಲೆರ್ವೋ ಓಬರ್ಗ್ ಅನ್ನುವ ಮಾನವಶಾಸ್ತ್ರಜ್ಞ, 1954ರಲ್ಲಿ ರಿಯೋ ಡಿ ಜನೈರೋದಲ್ಲಿ ಮಾಡಿದ ಒಂದು ಭಾಷಣದಲ್ಲಿ. ಮರುವರ್ಷ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್ಗೋರ್ಡ್, ಅಮೆರಿಕದಲ್ಲಿ ಇದ್ದು ಬಂದ 200 ನಾರ್ವೆ ಜನರನ್ನು ಮಾತಾಡಿಸಿ ಬರೆದರು. ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಹದಿನೆಂಟು ತಿಂಗಳಿಗಿಂತ ಜಾಸ್ತಿ ಇದ್ದವರೂ ಹೊಂದಿಕೊಂಡಿದ್ದರು. ಕಷ್ಟಪಟ್ಟವರು ನಡುವಿನವರು. ಹಾಗೆ ನೋಡಿದರೆ ಒಂದು ವರ್ಷಕ್ಕೆ ಬರುವ ವಾಲಂಟಿಯರ್ ಕೆಳಗಿರುವಾಗಲೇ ಗಂಟುಮೂಟೆ ಕಟ್ಟುತ್ತಾನೆ. ನಂತರದ ಸಂಶೋಧಕರು ಈ ರೇಖೆಯನ್ನು ಅಷ್ಟಾಗಿ ಒಪ್ಪಿಲ್ಲ. ನನ್ನ ವರ್ಷವೂ ಒಪ್ಪುವುದಿಲ್ಲ. ನನಗೆ ಒಂದೇ ದಿನದಲ್ಲಿ ಎರಡೂ ಆಗುತ್ತಿತ್ತು. ಬೆಳಿಗ್ಗೆ ಸಭೆಯಲ್ಲಿ ಏನೂ ಅರ್ಥವಾಗದೆ ಕಣ್ಣು ತುಂಬಿ ಬರುವುದು, ಮಧ್ಯಾಹ್ನ ಯಾರೋ ಒಬ್ಬರು ನನ್ನ ಹೆಸರನ್ನು ನೆನಪಿಟ್ಟುಕೊಂಡು ಕರೆಯುವುದು. ಹೆಸರು ನೆನಪಿರುವುದು ಅಲ್ಲಿ ಸಣ್ಣ ವಿಷಯ ಅಲ್ಲ.

ಸಾವಿನ ಬಗ್ಗೆ ಯಾರೂ ಮುಂಚೆ ಹೇಳಿರಲಿಲ್ಲ. ವೃದ್ಧಾಶ್ರಮ ಅಂದ ಮೇಲೆ ಗೊತ್ತಿರಬೇಕಿತ್ತು ಅನ್ನಬಹುದು. ಗೊತ್ತಿರುವುದು ಬೇರೆ. ಯಾರಾದರೂ ತೀರಿಕೊಂಡರೆ ಆ ಕೋಣೆಯ ಕಿಟಕಿ ತೆರೆಯುತ್ತಾರೆ. ಬಾಗಿಲ ಬಳಿ ಚಿಕ್ಕ ದೀಪ. ಕೆಳಗೆ ಪ್ರವೇಶದ ಹತ್ತಿರ ಫೋಟೋ, ಪಕ್ಕದಲ್ಲಿ ಒಂದು ಪುಸ್ತಕ, ಬರೆಯಬೇಕು ಅನಿಸಿದವರು ಬರೆಯಬಹುದು. ಹಸುಗಳ ತಾತ ಮಾರ್ಚ್‌ನಲ್ಲಿ ಹೋದರು. ಪ್ಲಾಟ್‌ನಲ್ಲಿ ಬರೆಯಬೇಕು ಅಂತ ಅಡುಗೆಮನೆಯ ಹೆಂಗಸಿನ ಹತ್ತಿರ ಕೇಳಿ ಒಂದು ಸಾಲು ಬರೆದೆ. ಅವರ ಮಗಳು ಅದನ್ನು ಓದಿ ನನ್ನನ್ನು ಹುಡುಕಿಕೊಂಡು ಬಂದರು. ಅಪ್ಪ ಕೊನೆಕೊನೆಗೆ ಏನು ಮಾತಾಡುತ್ತಿದ್ದರು ಅಂತ ಕೇಳಿದರು. ಕೈಯಲ್ಲಿ ಹಾಲು ಕರೆಯುವುದನ್ನು ನಾನು ಮಾಡಿ ತೋರಿಸಿದೆ.

ಇಪ್ಪತ್ತೇಳು ತುಂಬದ ಬುಫ್ಡಿಗಳಿಗೆ ವರ್ಷಕ್ಕೆ 25 ದಿನ ಸೆಮಿನಾರ್ ಇರುತ್ತದೆ, ನನ್ನಂಥ ದೊಡ್ಡವರಿಗೆ ಅದಕ್ಕಿಂತ ಕಡಿಮೆ. ಅದರಲ್ಲಿ ರಾಜಕೀಯ ಶಿಕ್ಷಣವೂ ಸೇರಿದೆ. ನಮ್ಮದು ಬಿದ್ದದ್ದು 2025ರ ಫೆಬ್ರವರಿ 23ರ ಸಂಸತ್ ಚುನಾವಣೆಗೆ ಸ್ವಲ್ಪ ಮುಂಚೆ. ಎಲ್ಲಿ ನೋಡಿದರೂ ವಲಸೆಯದ್ದೇ ಮಾತು. ವಲಸೆಯನ್ನು ಕಟುವಾಗಿ ವಿರೋಧಿಸುವ ಎಎಫ್‌ಡಿ ಪಕ್ಷ ಆ ಚುನಾವಣೆಯಲ್ಲಿ 20.8 ಶೇಕಡಾ ಮತ ಪಡೆದು ಎರಡನೆಯದಾಯಿತು. ನನ್ನ ಗುಂಪಿನಲ್ಲಿದ್ದವರು ಹೆಚ್ಚಿನವರು ಹದಿನೆಂಟು, ಹತ್ತೊಂಬತ್ತರ ಜರ್ಮನ್ ಹುಡುಗ ಹುಡುಗಿಯರು. ಕಾಲೇಜಿಗೆ ಸೇರುವ ಮುಂಚೆ ಒಂದು ವರ್ಷ ಹೀಗೆ ಕಳೆಯುವುದು ಇಲ್ಲಿ ಮಾಮೂಲು. ಎಲ್ಲ ಬಗೆಯ ಸೇವೆಗಳನ್ನೂ ಸೇರಿಸಿದರೆ ವರ್ಷಕ್ಕೆ ಸುಮಾರು ಒಂದು ಲಕ್ಷ ಜನ. ಅವರು ನೇರವಾಗಿ ಕೇಳುತ್ತಾರೆ: ನೀವು ಯಾಕೆ ಇಲ್ಲಿಗೆ ಬಂದಿರಿ? ಮುಂದೆ ಇಲ್ಲೇ ಕೆಲಸ ಹುಡುಕುವುದಕ್ಕಾ? ನಾನೂ ನೇರವಾಗಿ ಹೇಳಿದೆ. ಹೌದು, ಅದೂ ಮನಸ್ಸಿನಲ್ಲಿ ಇತ್ತು. ಭಾಷೆ ಕಲಿಯಬೇಕು, ಲೋಕ ನೋಡಬೇಕು, ಈ ಕೆಲಸ ನನಗೆ ಒಗ್ಗುತ್ತದಾ ನೋಡಬೇಕು ಅಂತಲೂ ಇತ್ತು. ಸೇವೆ ಅಂದ ತಕ್ಷಣ ಸ್ವಂತದ್ದು ಏನೂ ಇರಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಾಲೇಜಿಗೆ ಹೋಗುವ ಮುಂಚೆ ಸ್ವಲ್ಪ ಯೋಚಿಸಲು ಸಮಯ ಬೇಕು ಅಂತ ಬಂದ ಹುಡುಗಿಯದ್ದು ಹೇಗೆ ತಪ್ಪಲ್ಲವೋ ಹಾಗೇ ನನ್ನದೂ.

ಅದೇ ವಾರ ಒಬ್ಬ ತಾತ ಪೇಪರ್ ಮಡಚಿಟ್ಟು ನನಗೆ ಹೇಳಿದರು, "ಹೊರಗಿನವರೆಲ್ಲ ವಾಪಸ್ ಹೋಗಬೇಕು. ನೀವಲ್ಲ, ನೀವು ಒಳ್ಳೆಯವರು." ಅವರಿಗೆ ಅದು ಹೊಗಳಿಕೆ. ನನಗೆ ಆ ಮಾತು ಇಡೀ ದಿನ ಚುಚ್ಚುತ್ತಲೇ ಇತ್ತು. ನನ್ನ ಪಕ್ಕದಲ್ಲೇ ಸಿರಿಯಾದ ಅಣ್ಣ ಅವರ ಕಾಲಿಗೆ ಸಾಕ್ಸ್ ಹಾಕುತ್ತಿದ್ದರು. ಅವರು ತಲೆ ಎತ್ತಲಿಲ್ಲ.

ವಿದೇಶದಲ್ಲಿ ಸ್ವಯಂಸೇವೆ ಅಂದರೆ ಸಾಮಾನ್ಯವಾಗಿ ಬೇರೆ ಚಿತ್ರ ಕಣ್ಣಮುಂದೆ ಬರುತ್ತದೆ ಅಲ್ವಾ. ಶ್ರೀಮಂತ ದೇಶದ ಹುಡುಗರು ಬಡ ದೇಶಕ್ಕೆ ಹೋಗಿ ಶಾಲೆಗೆ ಬಣ್ಣ ಬಳಿಯುವುದು, ಬಾವಿ ತೋಡುವುದು. ವಾಲಂಟಿಯರ್‌ಗಳನ್ನು ಹೊರದೇಶಕ್ಕೆ ಕಳಿಸುವ ಬ್ರಿಟನ್ನಿನ ವಿಎಸ್ಒ 1958ರಲ್ಲಿ, ಅಮೆರಿಕದ ಪೀಸ್ ಕೋರ್ 1961ರಲ್ಲಿ ಶುರುವಾದಾಗ ದಾರಿ ಇದ್ದದ್ದು ಹಾಗೇ. ಇದನ್ನು ಕಟುವಾಗಿ ಪ್ರಶ್ನಿಸಿದವರಲ್ಲಿ ಚಿಂತಕ ಇವಾನ್ ಇಲಿಚ್ ಒಬ್ಬರು. 1968ರಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಅಮೆರಿಕದ ವಿದ್ಯಾರ್ಥಿ ವಾಲಂಟಿಯರ್‌ಗಳ ಎದುರೇ ನಿಂತು, ಉಪಕಾರ ಮಾಡಲು ಬರಬೇಡಿ ಅಂದರು. ಅದಕ್ಕೂ ಹಿಂದೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಶಾಂತಿವಾದಿ ಪಿಯರ್ ಸೆರೆಸೋಲ್ ಕೆಲವರನ್ನು ಕಟ್ಟಿಕೊಂಡು ಫ್ರಾನ್ಸಿನ ವೆರ್ದೂನ್ ಹತ್ತಿರ ಮೊದಲ ಮಹಾಯುದ್ಧದಲ್ಲಿ ನೆಲಸಮವಾದ ಹಳ್ಳಿಯೊಂದನ್ನು ಕಟ್ಟಲು ಹೋಗಿದ್ದರು. ಗುಂಪಿನಲ್ಲಿ ಜರ್ಮನ್ನರೂ ಇದ್ದರು, ಅಂದರೆ ಮೊನ್ನೆಮೊನ್ನೆಯ ಶತ್ರುಗಳು. ವಿರೋಧ ಬಂದು ಕೆಲಸ ಅರ್ಧಕ್ಕೇ ನಿಂತಿತು. ಮುಂದೆ 1934ರ ಭೂಕಂಪದ ನಂತರ ಅದೇ ಸೆರೆಸೋಲ್ ಬಿಹಾರಕ್ಕೂ ಬಂದರು. ಈ ಕಥೆ ನನಗೆ ಹತ್ತಿರ ಅನಿಸುತ್ತದೆ. ಅಲ್ಲಿ ಬಂದವರ ಕೈಯಲ್ಲಿ ದೊಡ್ಡಸ್ತಿಕೆ ಇರಲಿಲ್ಲ, ಸಲಿಕೆ ಇತ್ತು. ಬಡ ದೇಶಗಳ ಕಡೆಯಿಂದ ಶ್ರೀಮಂತ ದೇಶಕ್ಕೆ ಬರುವ ನನ್ನಂಥವರಿಗೂ ದೊಡ್ಡಸ್ತಿಕೆಗೆ ಜಾಗವೇ ಇರುವುದಿಲ್ಲ. ಅರ್ಧ ಭಾಷೆ ಬರುವವಳಿಂದ ಯಾರೂ ಉದ್ಧಾರವನ್ನು ನಿರೀಕ್ಷಿಸುವುದಿಲ್ಲ. ಅದು ನನಗೆ ಒಳ್ಳೆಯದೇ ಆಯಿತು.

ಬರಬೇಕು ಅಂದುಕೊಂಡವರು ಕೇಳುವ ಲೆಕ್ಕದ ವಿಷಯವನ್ನೂ ಹೇಳಿಬಿಡುತ್ತೇನೆ. ಬುಫ್ಡಿಗೆ ಸಂಬಳ ಇಲ್ಲ, ಕೈಖರ್ಚಿನ ಹಣ ಇದೆ. 2025ರಲ್ಲಿ ಕಾನೂನು ಹಾಕಿದ್ದ ಮಿತಿ ತಿಂಗಳಿಗೆ 644 ಯೂರೋ. ಅದು ಮಿತಿ ಅಷ್ಟೇ, ಬಹಳ ಕಡೆ ಅದಕ್ಕಿಂತ ಕಡಿಮೆ ಕೊಡುತ್ತಾರೆ. ಕೋಣೆ, ಊಟ ಕೊಡುತ್ತಾರಾ ಅನ್ನುವುದನ್ನು ಸಹಿ ಹಾಕುವ ಮುಂಚೆ ಬರಹದಲ್ಲಿ ಕೇಳಿ. ಆರೋಗ್ಯ ವಿಮೆ, ಪಿಂಚಣಿ ಇತ್ಯಾದಿಗಳ ಕಂತು ನಮ್ಮಿಂದ ಕಡಿಯುವುದಿಲ್ಲ, ಕೆಲಸ ಕೊಟ್ಟವರೇ ಕಟ್ಟುತ್ತಾರೆ. ಜಾಗ ಕೊಡಿಸುತ್ತೇನೆ ಅಂತ ಲಕ್ಷಗಟ್ಟಲೆ ಕೇಳುವ ಏಜೆಂಟರ ಹತ್ತಿರ ಹೋಗಬೇಡಿ, ಆಶ್ರಮಗಳಿಗೆ ನೇರವಾಗಿ ಬರೆಯಬಹುದು. ಬಂದ ಮೇಲೆ ಎರಡು ವಾರದೊಳಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಕಾಗದ ಬೇಕು. ನಾನು ಬಂದಾಗ ಇಡೀ ದೇಶದ ಲೋಕಲ್ ರೈಲು, ಬಸ್ಸುಗಳಿಗೆ ಆಗುವ ತಿಂಗಳ ಟಿಕೆಟ್ 49 ಯೂರೋ ಇತ್ತು, 2025ರ ಜನವರಿಯಲ್ಲಿ 58 ಆಯಿತು. ಕೈಖರ್ಚಿನ ಮೇಲೆ ಬದುಕುವವರಿಗೆ ಆ 9 ಯೂರೋ ಕಾಣಿಸುತ್ತದೆ.

ಇದಕ್ಕಿಂತ ಮುಖ್ಯವಾದ ಒಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ದಿನದಲ್ಲಿ ಯಾವ ಹೊತ್ತು ವಾಲಂಟಿಯರ್ ಬರೀ ಜನರ ಜೊತೆ ಇರುತ್ತಾರೆ? ಉತ್ತರ ತಡವರಿಸಿದರೆ ಆ ಜಾಗದಲ್ಲಿ ನೀವು ಅಗ್ಗದ ಕೆಲಸಗಾರರಾಗಿ ಉಳಿಯುವ ಸಾಧ್ಯತೆ ಜಾಸ್ತಿ. ಜನ ಸಾಲದು ಅನ್ನುವುದು ನಿಜ. ಅದಕ್ಕೆ ಸಂಬಳ ಹೆಚ್ಚಿಸಬೇಕು, ಜನರನ್ನು ತೆಗೆದುಕೊಳ್ಳಬೇಕು. ವಾಲಂಟಿಯರ್‌ಗಳನ್ನು ಹಾಕಿ ತೇಪೆ ಹಚ್ಚಿದರೆ ತೇಪೆಯ ಕೆಳಗಿನ ಹರಕು ಯಾರಿಗೂ ಕಾಣುವುದಿಲ್ಲ. ಓಡಾಡಿ ಸುಸ್ತಾದ ಅಕ್ಕಂದಿರಿಗೂ ಅದರಿಂದ ನಷ್ಟವೇ.

ಜುಲೈನಲ್ಲಿ ನಾನೂ ಇನ್ನೊಬ್ಬ ಬುಫ್ಡಿ ಹುಡುಗನೂ ಸೇರಿ ಆಶ್ರಮದ ಮುಖ್ಯಸ್ಥರಿಗೆ ಒಂದು ಪತ್ರ ಬರೆದೆವು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ವಾಲಂಟಿಯರ್‌ಗಳಿಗೆ ಪಾತ್ರೆ, ಬಟ್ಟೆ ಯಾವುದೂ ಹಚ್ಚಬಾರದು, ಯಾರು ರಜೆ ಹಾಕಿದರೂ ಸರಿ ಅಂತ. ಕಾಫಿಯ ಹಾಳೆಗಳನ್ನು ಜೊತೆಗಿಟ್ಟೆವು. ಇನ್ನೂರು ಇದ್ದ ತಿಂಗಳುಗಳದ್ದು, ನೂರು ಇದ್ದ ತಿಂಗಳುಗಳದ್ದು. ನರ್ಸ್ ಅಕ್ಕನೂ ಸಹಿ ಹಾಕಿದರು. ವಾರದಲ್ಲಿ ಮೂರು ದಿನಕ್ಕೆ ಒಪ್ಪಿದ್ದಾರೆ, ಪಟ್ಟಿಯಲ್ಲಿ ಆ ಹೊತ್ತಿಗೆ ಈಗ ಹಸಿರು ಬಣ್ಣ ಹಾಕಿರುತ್ತಾರೆ. ಉಳಿದ ದಿನಗಳ ಬಗ್ಗೆ ಅಕ್ಟೋಬರ್‌ನ ಸಿಬ್ಬಂದಿ ಸಭೆಯಲ್ಲಿ ಮಾತಾಡೋಣ ಅಂದಿದ್ದಾರೆ. ಬುಫ್ಡಿಯ ಅವಧಿಯನ್ನು ಹದಿನೆಂಟು ತಿಂಗಳವರೆಗೆ ಮುಂದುವರಿಸಬಹುದು. ನಾನು ಫೆಬ್ರವರಿ ಕೊನೆಯವರೆಗೆ ಮುಂದುವರಿಸಿದ್ದೇನೆ, ಹಾಗಾಗಿ ಆ ಸಭೆಯಲ್ಲಿ ನಾನೂ ಇರುತ್ತೇನೆ.